ತಂತ್ರಾಂಶ ಆಮೇಲೆ, ಮೊದಲು ಟೇಪು ಹಿಡಿಯಿರಿ

ಓದುಗರ ಪತ್ರ: ನಾನು ಯಲಬುರ್ಗಾ ತಾಲೂಕಿನ ಹಳ್ಳಿಯವಳು. ಸಿವಿಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರಿನಲ್ಲಿದ್ದೇನೆ. ತಂದೆ ಗೌಂಡಿ. ಸಿವಿಲ್ ತಗೊಂಡು ಕೆಟ್ಟೆ ಎಂದು ನೆಂಟರೆಲ್ಲ ಹೇಳುತ್ತಾರೆ. ಕಾಲೇಜಿಗೆ ಬಂದಿದ್ದ ತರಬೇತಿ ಸಂಸ್ಥೆಯವರು ಆರು ಸಾಫ್ಟ್‌ವೇರ್‌ಗಳ ಪ್ಯಾಕೇಜಿಗೆ 45 ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಸೇರಲೇ? ಗೇಟ್ (ಎಂ.ಟೆಕ್ ಪ್ರವೇಶದ ಪರೀಕ್ಷೆ) ಬರೆಯಲೇ, ಕೆಪಿಎಸ್‌ಸಿಗೆ ಓದಲೇ? ಹುಡುಗಿಯರನ್ನು ಸೈಟಿಗೆ ತಗೊಳ್ಳುವುದಿಲ್ಲ ಅನ್ನುವುದು ನಿಜವೇ? ಇಲ್ಲಾ ಈಗಲೇ ಕೋಡಿಂಗ್ ಕಲಿತು ಐಟಿಗೆ ಹೋಗಲೇ? (ಹೆಸರು ಬೇಡವೆಂದಿದ್ದಾರೆ.)

ಸಂಪಾದಕರ ಉತ್ತರ:

45 ಸಾವಿರ ಈಗ ಕಟ್ಟಬೇಡಿ. ಸಾಫ್ಟ್‌ವೇರ್ ಬೇಡವೆಂದಲ್ಲ, ಹೊತ್ತು ಇದಲ್ಲ. ಆರ್‌ಸಿಸಿ (ರಾಡು ಹಾಕಿದ ಕಾಂಕ್ರೀಟು) ವಿನ್ಯಾಸವನ್ನು ಕೈಯಿಂದ ಮಾಡಿ ಮುಗಿಸದವರು ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಇಟ್ಯಾಬ್ಸ್ ಮುಂದೆ ಕೂತರೆ ಕಲಿಯುವುದು ಯಾವ ಗುಂಡಿ ಒತ್ತಬೇಕು ಎಂಬುದನ್ನಷ್ಟೇ. ತೊಲೆಯ ತುದಿ ಕಂಬದ ತುದಿಗೆ ಕೂಡದೆ ಪರದೆಯ ಮೇಲೆ ಕೂಡಿದಂತೆ ಕಂಡರೂ ಅದು ಲೆಕ್ಕ ಕೊಡುತ್ತದೆ, ಏಕಮಾನ ತಪ್ಪಿದ್ದರೂ ಕೊಡುತ್ತದೆ. ಬಂದ ಉತ್ತರ ಸರಿಯೋ ತಪ್ಪೋ ಹೇಳಬೇಕಾದವರು ನೀವು. 4 ಮೀಟರಿನ ಸರಳ ಆಧಾರದ ತೊಲೆ, ಮೀಟರಿಗೆ 20 ಕಿಲೋನ್ಯೂಟನ್ ಭಾರ ಎಂದರೆ ನಡುಮಧ್ಯದ ಮೊಮೆಂಟ್ (ತೊಲೆಯನ್ನು ಬಾಗಿಸುವ ಪರಿಣಾಮದ ಅಳತೆ) 40 ಕಿಲೋನ್ಯೂಟನ್ ಮೀಟರ್ ಎಂದು ಬಾಯಲ್ಲೇ ಬರಬೇಕು. ಪರದೆ 400 ತೋರಿಸಿದಾಗ ಎದೆ ಧಸಕ್ಕೆನ್ನಬೇಕು. ಆ ಧಸಕ್ಕು ಎರಡು ತಿಂಗಳ ಪ್ಯಾಕೇಜಿನಲ್ಲಿ ಬರುವುದಿಲ್ಲ.

ಸದ್ಯಕ್ಕೆ ಎಕ್ಸೆಲ್ ಮತ್ತು ಡ್ರಾಯಿಂಗ್ ಬಿಡಿಸುವ ಆಟೋಕ್ಯಾಡ್ ಎರಡೇ ಸಾಕು. ಆಟೋಕ್ಯಾಡ್, ಕಟ್ಟಡದ ಮೂರು ಆಯಾಮದ ಮಾದರಿ ಮಾಡುವ ರೆವಿಟ್, ಎರಡನ್ನೂ ತಯಾರಕರೇ ವಿದ್ಯಾರ್ಥಿಗಳಿಗೆ ಉಚಿತವಾಗಿ ಕೊಡುತ್ತಾರೆ. ಕಾಲೇಜಿನ ಗುರುತು ತೋರಿಸಿ ನೋಂದಾಯಿಸಿದರೆ ಒಂದು ವರ್ಷದ ಪರವಾನಗಿ ಸಿಗುತ್ತದೆ, ಓದು ನಡೆಯುವವರೆಗೆ ನವೀಕರಿಸಬಹುದು. ನಕಾಶೆ ಕೆಲಸಕ್ಕೆ ಕ್ಯೂಜಿಐಎಸ್ ಯಾವತ್ತೂ ಉಚಿತ. ಇಟ್ಯಾಬ್ಸ್ ಅಥವಾ ಅದೇ ಕೆಲಸದ ಸ್ಟ್ಯಾಡ್, ಎರಡರಲ್ಲಿ ಒಂದು, ವಿನ್ಯಾಸದ ವಿಷಯ ಮುಗಿದ ಮೇಲೆ. ಕೆಲಸದ ವೇಳಾಪಟ್ಟಿ ಹಾಕುವ ಪ್ರೈಮವೆರಾ ದೊಡ್ಡ ಕಂಪನಿಗೆ ಸೇರಿದ ಮೇಲೂ ಕಲಿಯಬಹುದು.

ಹೊಸ ಸೈಟ್ ಎಂಜಿನಿಯರಿಗೆ ಮೊದಲ ಎರಡು ವರ್ಷ ಇರುವ ಕೆಲಸ ಅಳೆಯುವುದು, ತಪಾಸಣೆ ಮಾಡುವುದು, ಬರೆದಿಡುವುದು. ಸಂದರ್ಶನದಲ್ಲಿ ಕೇಳುವುದೂ ಹೆಚ್ಚಾಗಿ ಇದನ್ನೇ: ಒಂದು ಘನ ಮೀಟರ್ ಎಂ20 ದರ್ಜೆಯ ಕಾಂಕ್ರೀಟಿಗೆ ಎಷ್ಟು ಮೂಟೆ ಸಿಮೆಂಟು, 12 ಎಂಎಂ ರಾಡಿನ ತೂಕ ಎಷ್ಟು, ಕಂಬದ ರಾಡಿಗೆ ಲ್ಯಾಪ್ (ಎರಡು ರಾಡಿನ ತುದಿಗಳನ್ನು ಪಕ್ಕಪಕ್ಕ ಇಟ್ಟು ಕಟ್ಟುವ ಜೋಡಣೆ) ಎಲ್ಲಿ ಕೊಡುತ್ತೀರಿ. ಶೇ. 80 ಅಂಕ ತೆಗೆದವರೂ ಇಲ್ಲಿ ತಡವರಿಸುತ್ತಾರೆ, ಏಕೆಂದರೆ ಪರೀಕ್ಷೆಗೆ ಬರೆದ ಲೆಕ್ಕವನ್ನು ಒಮ್ಮೆಯೂ ಅಂಗಡಿಯ ಚೀಟಿಯ ಜೊತೆ ಇಟ್ಟು ನೋಡಿರುವುದಿಲ್ಲ.

ನಿಮ್ಮ ತಂದೆ ಗೌಂಡಿ ಎಂದು ಸಂಕೋಚದಿಂದ ಬರೆದಂತಿದೆ. ನಿಮ್ಮ ತರಗತಿಯಲ್ಲಿ ಯಾರಿಗೂ ಇಲ್ಲದ ಪ್ರಯೋಗಾಲಯ ಅದು. ರಜೆಯಲ್ಲಿ ಅವರು ಸ್ಲ್ಯಾಬ್ ಹಾಕುವ ಮನೆಗೆ ಹೋಗಿ ಒಂದೇ ಒಂದು ಸ್ಲ್ಯಾಬಿನ ಲೆಕ್ಕವನ್ನು ಪೂರ್ತಿ ಮಾಡಿ. ಹೇಗೆಂದು ಒಂದು ಉದಾಹರಣೆ ಕೊಡುತ್ತೇವೆ.

ಪಡಸಾಲೆಯ ಸ್ಲ್ಯಾಬ್ 3 ಮೀಟರ್ ಅಗಲ, 6.5 ಮೀಟರ್ ಉದ್ದ, 125 ಮಿ.ಮೀ. ದಪ್ಪ ಎಂದುಕೊಳ್ಳಿ. ಉದ್ದ ಅಗಲದ ಎರಡು ಪಟ್ಟಿಗಿಂತ ಹೆಚ್ಚಿರುವುದರಿಂದ ಇದು ಒನ್ ವೇ (ಭಾರ ಒಂದೇ ದಿಕ್ಕಿಗೆ ಹೋಗುವ ಸ್ಲ್ಯಾಬ್), ಮುಖ್ಯ ರಾಡು ಅಗಲದ ದಿಕ್ಕಿಗೆ. ಕಾಂಕ್ರೀಟು 2.44 ಘನ ಮೀಟರ್. ಮುಖ್ಯ ರಾಡು 10 ಎಂಎಂ, 150 ಮಿ.ಮೀ.ಗೊಂದು. ಅಂಚಿಗೆ 25 ಮಿ.ಮೀ. ಕವರ್ (ರಾಡನ್ನು ಮುಚ್ಚುವ ಕಾಂಕ್ರೀಟು) ಬಿಟ್ಟರೆ ಉಳಿದ 6450ನ್ನು 150ರಿಂದ ಭಾಗಿಸಿದಾಗ 43 ಅಂತರ, ಅಂದರೆ 44 ರಾಡು. ಒಂದೊಂದೂ 2.95 ಮೀಟರ್. ಒಟ್ಟು 129.8 ಮೀಟರ್. ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸುವ ಸೂತ್ರ ನಿಮಗೆ ಗೊತ್ತೇ ಇದೆ: 10 ಎಂಎಂಗೆ ಮೀಟರಿಗೆ 0.617 ಕೆ.ಜಿ. ಒಟ್ಟು 80 ಕೆ.ಜಿ. ಅಂಗಡಿಯ ರಾಡು 12 ಮೀಟರ್. ಅದರಲ್ಲಿ 2.95ರ ನಾಲ್ಕು ತುಂಡು ಬಂದು 20 ಸೆಂ.ಮೀ. ಮಾತ್ರ ಉಳಿಯುತ್ತದೆ. 11 ರಾಡು ತಂದರೆ ಸರಿಹೋಯಿತು.

ಅಡ್ಡ ರಾಡಿನಲ್ಲಿ ನಿಜವಾದ ಪಾಠವಿದೆ. 8 ಎಂಎಂ, 200ಕ್ಕೊಂದು: 2950ನ್ನು 200ರಿಂದ ಭಾಗಿಸಿದರೆ 14.75, ಮೇಲಕ್ಕೆತ್ತಿದರೆ 15 ಅಂತರ, 16 ರಾಡು. ಒಂದೊಂದೂ 6.45 ಮೀಟರ್. ಒಟ್ಟು 103.2 ಮೀಟರ್, 40.8 ಕೆ.ಜಿ. ಪರೀಕ್ಷೆಯಲ್ಲಿ ಇಷ್ಟಕ್ಕೆ ಪೂರ್ಣ ಅಂಕ. ಆದರೆ 12 ಮೀಟರಿನ ರಾಡಿನಲ್ಲಿ 6.45 ಒಂದೇ ತುಂಡು ಬರುತ್ತದೆ, 5.55 ಉಳಿಯುತ್ತದೆ. ಬಾರ್ ಬೆಂಡರ್ ಯೋಚಿಸದೆ ಕತ್ತರಿಸಿದರೆ 16 ರಾಡು ಬೇಕು, 75.8 ಕೆ.ಜಿ.! ಈಗ ಉಳಿದ ತುಂಡುಗಳಿಗೆ ಲ್ಯಾಪ್ ಕೊಡೋಣ. ಎಂ20 ಕಾಂಕ್ರೀಟು, ಎಫ್‌ಇ 500 ದರ್ಜೆಯ ಕಬ್ಬಿಣಕ್ಕೆ ಲ್ಯಾಪಿನ ಉದ್ದ ವ್ಯಾಸದ 57 ಪಟ್ಟು, ಅಂದರೆ 8 ಎಂಎಂಗೆ 46 ಸೆಂ.ಮೀ. ಹಾಗಾದರೆ 5.55ರ ತುಂಡಿಗೆ 1.36 ಮೀಟರಿನ ತುಂಡು ಕೂಡಿಸಿದರೆ ಒಂದು ಪೂರ್ತಿ ರಾಡು. 9 ರಾಡು ತನ್ನಿ: 9 ಇಡೀ ತುಂಡು, 5.55ರ 9 ಉಳಿಕೆ. ಎರಡು ಉಳಿಕೆಯನ್ನು 1.36ರಂತೆ ಕತ್ತರಿಸಿದರೆ 8 ತುಂಡು. ಮಿಕ್ಕ 7 ಉಳಿಕೆಗೆ ಒಂದೊಂದು ಸೇರಿಸಿದರೆ 7 ರಾಡು. ಕೂಡಿ 16. ತಂದದ್ದು 42.7 ಕೆ.ಜಿ. ಲ್ಯಾಪುಗಳೆಲ್ಲ ಒಂದೇ ಸಾಲಿಗೆ ಬರದಂತೆ ಒಂದನ್ನು ಈ ಕಡೆ, ಇನ್ನೊಂದನ್ನು ಆ ಕಡೆ ತಿರುಗಿಸಿ ಹಾಸಬೇಕು, ಅಷ್ಟೇ. ಒಂದು ಪಡಸಾಲೆಯಲ್ಲಿ 33 ಕೆ.ಜಿ. ಕಬ್ಬಿಣ ಉಳಿಸುವವರನ್ನು ಯಾವ ಕಾಂಟ್ರಾಕ್ಟರೂ ಬಿಡುವುದಿಲ್ಲ. (ಕ್ರ್ಯಾಂಕ್, ಅಂದರೆ ರಾಡನ್ನು ಮೇಲಕ್ಕೆ ಬಾಗಿಸಲು ಬೇಕಾದ ಉದ್ದ, ಮತ್ತು ಗೋಡೆಯ ಮೇಲಿನ ಎಕ್ಸ್‌ಟ್ರಾ ರಾಡು ಇಲ್ಲಿ ಸೇರಿಸಿಲ್ಲ. ಅವನ್ನು ನೀವೇ ಸೇರಿಸಿ.)

ತಂದ ರಾಡಿನಲ್ಲಿ ಒಂದು ಮೀಟರ್ ಕತ್ತರಿಸಿ ತೂಗಿ ನೋಡುವ ಅಭ್ಯಾಸವಿರಲಿ. 10 ಎಂಎಂವರೆಗಿನ ಸರಳಿಗೆ ಐಎಸ್ 1786 (ಸರಳಿನ ಭಾರತೀಯ ಮಾನಕ) ಬಿಡುವ ವ್ಯತ್ಯಾಸ ಲಾಟಿನ ಮೇಲೆ ಶೇ. 7. 617 ಗ್ರಾಂ ಇರಬೇಕಾದದ್ದು ಹಲವು ತುಂಡುಗಳ ಸರಾಸರಿಯಲ್ಲಿ 574ಕ್ಕಿಂತ ಕೆಳಗೆ ಬಂದರೆ ಅಂಗಡಿಯವರನ್ನು ಕೇಳಲೇಬೇಕು.

ಇನ್ನು ಕಾಂಕ್ರೀಟು. ಸಿಮೆಂಟು, ಉಸುಕು, ಖಡಿ 1:1.5:3ರ ಲೆಕ್ಕದಲ್ಲಿ ಘನ ಮೀಟರಿಗೆ 8 ಮೂಟೆ, ಈ ಸ್ಲ್ಯಾಬಿಗೆ 20. ಕೆಲಸ ಕೆಡುವುದು ಮೂಟೆಯ ಎಣಿಕೆಯಲ್ಲಲ್ಲ, ನೀರಿನಲ್ಲಿ. ನೀರು ಸಿಮೆಂಟಿನ ಅನುಪಾತ 0.5 ಎಂದರೆ ಮೂಟೆಗೆ 25 ಲೀಟರ್. ಆದರೆ ಮೂಟೆಯೊಂದಕ್ಕೆ ಬೀಳುವ 80 ಕೆ.ಜಿ. ಎಂ-ಸ್ಯಾಂಡಿನಲ್ಲಿ ಶೇ. 5 ತೇವ ಇದ್ದರೆ ಸುಮಾರು 4 ಲೀಟರ್ ಉಸುಕಿನ ಜೊತೆಗೇ ಬಂದಿರುತ್ತದೆ. ಮಿಕ್ಸರಿಗೆ ಹಾಕಬೇಕಾದದ್ದು 21. ಉಸುಕು ಮತ್ತು ಖಡಿಯನ್ನು ಪುಟ್ಟಿಯಲ್ಲಿ ಎಣಿಸುವ ಹುಡುಗರು ನೀರನ್ನು ಪೈಪಿನಿಂದ ಬಿಡುತ್ತಾರೆ, ಕಣ್ಣಂದಾಜು. ಹಂಗಾಗಿ ಬೆಳಗಿನ ಮಾಲು ಒಂದು ತರಹ, ಮಧ್ಯಾಹ್ನದ್ದು ಇನ್ನೊಂದು ತರಹ. ಅಳತೆಗೆ ಒಂದು ಬಕೆಟ್ ಇಡಿಸಿದರೆ ಅರ್ಧ ಜಗಳ ಮುಗಿಯಿತು.

ಕಾಂಕ್ರೀಟಿನ ಮಾನಕ ಐಎಸ್ 456ರ ಪ್ರಕಾರ 5 ಘನ ಮೀಟರ್‌ವರೆಗೆ ಒಂದು ಮಾದರಿ, ಮಾದರಿಗೆ 150 ಮಿ.ಮೀ.ಯ ಮೂರು ಕ್ಯೂಬು (ಪರೀಕ್ಷೆಗೆ ಅಚ್ಚಿನಲ್ಲಿ ಹಾಕುವ ಕಾಂಕ್ರೀಟಿನ ಚೌಕ ಗಟ್ಟಿ). ಮೂರು ಪದರದಲ್ಲಿ ತುಂಬಿ, ಪದರಕ್ಕೆ 35 ಸಲದಂತೆ ಕಂಬಿಯಿಂದ ಕುಟ್ಟಬೇಕು. 28 ದಿನಕ್ಕೆ ಎಂ20 ಕ್ಯೂಬು 450 ಕಿಲೋನ್ಯೂಟನ್ ತಾಳಬೇಕು. ಕಾಲೇಜು ಲ್ಯಾಬಿನಲ್ಲಿ ಕ್ಯೂಬು ಫೇಲಾದರೆ ಸಿಮೆಂಟನ್ನು ದೂರುವ ಮೊದಲು ಇವನ್ನು ನೋಡಿ: ಕರಣೆಯಲ್ಲಿ ಒರೆಸಿದ ಮುಖವನ್ನೇ ಮೇಲೆ ಮಾಡಿ ಯಂತ್ರದಲ್ಲಿಟ್ಟಿರಾ? ಅದು ಪಕ್ಕಕ್ಕೆ ಬರಬೇಕು, ಇಲ್ಲದಿದ್ದರೆ ಉಬ್ಬು ಜಾಗದಲ್ಲಿ ಭಾರ ಬಿದ್ದು ಬೇಗ ಒಡೆಯುತ್ತದೆ. ದಿನ ತುಂಬುವ ಮೊದಲೇ ನೀರಿನಿಂದ ತೆಗೆದು ಬಿಸಿಲಿಗೆ ಬಿಟ್ಟಿರಾ? ಅಚ್ಚಿನ ಬೋಲ್ಟು ಸಡಿಲವಿದ್ದು ಸಿಮೆಂಟ್ ಹಾಲು ಸೋರಿತ್ತಾ? ಭಾರವನ್ನು ನಿಮಿಷಕ್ಕೆ ಚದರ ಮಿ.ಮೀ.ಗೆ 14 ನ್ಯೂಟನ್ ದರದಲ್ಲೇ ಏರಿಸಬೇಕು, ಊಟದ ಹೊತ್ತಾಯಿತೆಂದು ಒಮ್ಮೆಲೇ ತಿರುವಿದರೆ ಬಂದ ಅಂಕಿ, ಪಾಸಾದರೂ, ನಂಬುವಂಥದ್ದಲ್ಲ. ಮೂರರಲ್ಲಿ ಒಂದು ಕ್ಯೂಬು ಸರಾಸರಿಗಿಂತ ಶೇ. 15 ಆಚೆ ಈಚೆ ಹೋದರೆ ಆ ಮಾದರಿಯ ಫಲಿತಾಂಶವೇ ಲೆಕ್ಕಕ್ಕಿಲ್ಲ.

ಸ್ಲ್ಯಾಬ್ ಹಾಕುವ ಹಿಂದಿನ ಸಂಜೆ ನೋಡಬೇಕಾದವು ಬೇರೆ. ಕವರ್ ಬ್ಲಾಕ್ ಇದೆಯೋ ಖಡಿ ಚೂರು ಸಿಕ್ಕಿಸಿದ್ದಾರೋ. ಮೇಲಿನ ರಾಡಿಗೆ ಚೇರ್ (ಅದನ್ನು ಎತ್ತಿ ಹಿಡಿಯುವ ಬಾಗಿಸಿದ ಕಂಬಿ) ಇದೆಯೋ, ಅಥವಾ ನಾಳೆ ಪುಟ್ಟಿ ಹೊತ್ತವರು ತುಳಿದು ಕೆಳಗಿನ ರಾಡಿಗೆ ಅಂಟಿಸುತ್ತಾರೋ. ಚಜ್ಜದ ರಾಡಂತೂ ಮೇಲೇ ಇರಬೇಕು, ತುಳಿತಕ್ಕೆ ಕೆಳಗೆ ಕೂತರೆ ಸೆಂಟ್ರಿಂಗ್ ಬಿಚ್ಚಿದ ದಿನವೇ ಚಜ್ಜ ನೆಲಕ್ಕೆ. ಕಂಬದ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಿರಬೇಕು, 90ಕ್ಕೆ ಬಿಟ್ಟರೆ ಭೂಕಂಪದಲ್ಲಿ ಕವರ್ ಉದುರಿದ ಕೂಡಲೇ ರಿಂಗು ಬಿಚ್ಚಿಕೊಳ್ಳುತ್ತದೆ. ಕಂಬದ ಲ್ಯಾಪ್ ನಡುವಿನ ಅರ್ಧ ಎತ್ತರದಲ್ಲಿ ಬರಬೇಕೆಂದು ಭೂಕಂಪ ತಾಳುವ ಕಟ್ಟಡಗಳ ಮಾನಕ ಐಎಸ್ 13920 ಹೇಳುತ್ತದೆ. ನಮ್ಮ ಕಡೆ ರೂಢಿಯಲ್ಲಿ ಸ್ಲ್ಯಾಬಿನ ಮೇಲೆಯೇ ಕೊಡುತ್ತಾರೆ, ಹಿಡಿದು ಕಟ್ಟಲು ಸುಲಭವೆಂದು. ಇದನ್ನು ತಂದೆಯವರ ಜೊತೆ ವಾದಿಸುವಾಗ ಸ್ವಲ್ಪ ಮೆಲ್ಲಗೆ! ಕೆಳಗಿನ ಆಧಾರ ತೆಗೆಯುವ ಮಾತು ಬಂದರೆ 4.5 ಮೀಟರ್‌ವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ದೊಡ್ಡದಕ್ಕೆ 14. ಇದು ಸಾದಾ ಓಪಿಸಿ ಸಿಮೆಂಟಿನ ಲೆಕ್ಕ. ಈಗ ಹಳ್ಳಿಗಳಿಗೆ ಬರುವುದು ಹೆಚ್ಚಾಗಿ ಹಾರುಬೂದಿ ಬೆರೆಸಿದ ಪಿಪಿಸಿ. ಅದು ನಿಧಾನಕ್ಕೆ ಗಟ್ಟಿಯಾಗುವುದರಿಂದ ಆಧಾರವನ್ನೂ ಇನ್ನಷ್ಟು ದಿನ ಬಿಡಬೇಕು, ನೀರನ್ನೂ 7 ದಿನಕ್ಕೆ ನಿಲ್ಲಿಸದೆ 14 ದಿನ ಹಾಕಬೇಕು.

ಅಳತೆ ಬರೆಯುವುದಕ್ಕೂ ನಿಯಮವಿದೆ, ಐಎಸ್ 1200. ಗಿಲಾವಿನ ಅಳತೆಯಲ್ಲಿ ಬಾಗಿಲು ಕಿಟಕಿಗಳನ್ನು ಹೇಗೆ ಕಳೆಯಬೇಕೆಂದು ಬಹಳ ಜನ ಎಂಜಿನಿಯರುಗಳಿಗೇ ನೆನಪಿರುವುದಿಲ್ಲ. ಅರ್ಧ ಚದರ ಮೀಟರಿನೊಳಗಿನ ತೆರಪು ಕಳೆಯುವಂತಿಲ್ಲ. ಅರ್ಧದಿಂದ 3 ಚದರ ಮೀಟರ್‌ವರೆಗೆ ಒಂದು ಮುಖ ಮಾತ್ರ ಕಳೆದು, ಪಕ್ಕದ ದಪ್ಪದ ಗಿಲಾವನ್ನು ಬೇರೆ ಕೂಡಿಸಬಾರದು. 3 ದಾಟಿದರೆ ಎರಡೂ ಮುಖ ಕಳೆದು, ಪಕ್ಕಗಳನ್ನು ಅಳೆದು ಕೂಡಿಸಬೇಕು. 1 ಮೀಟರ್ ಅಗಲ, 2.1 ಎತ್ತರದ ಬಾಗಿಲು ಎಂದರೆ ಒಂದೇ ಮುಖ ಕಡಿತ. ಬಿಲ್ಲಿನ ಜಗಳಗಳು ಹುಟ್ಟುವುದು ಇಂಥಲ್ಲಿ. ಲೋಕೋಪಯೋಗಿ ಇಲಾಖೆಯ ದರಪಟ್ಟಿಯನ್ನು ಇಳಿಸಿಕೊಂಡು ನಿಮ್ಮ ಮನೆಯದ್ದೇ ಒಂದು ಅಂದಾಜುಪಟ್ಟಿ ಮಾಡಿ. ಐಎಸ್ ಕೋಡುಗಳನ್ನು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಜಾಲತಾಣದಲ್ಲಿ ನೋಂದಾಯಿಸಿಕೊಂಡರೆ ಉಚಿತವಾಗಿ ಪಡೆಯಬಹುದು, ಝೆರಾಕ್ಸ್ ಅಂಗಡಿಯ ಮಸುಕು ಪ್ರತಿಗೆ ದುಡ್ಡು ಹಾಕಬೇಡಿ.

ಸರ್ವೆ ಕ್ಯಾಂಪ್ ಇನ್ನೂ ಆಗಿಲ್ಲದಿದ್ದರೆ ಒಂದೇ ಮಾತು: ಉಪಕರಣದ ಹತ್ತಿರ ನೀವೇ ನಿಲ್ಲಿ. ಎಂಟು ಜನರ ತಂಡದಲ್ಲಿ ಇಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ಉಳಿದವರು ಫೋಟೋ ತೆಗೆಯುತ್ತಾರೆ. ಹುಡುಗಿಯರ ಕೈಗೆ ಪುಸ್ತಕ ಕೊಟ್ಟು ಕೂರಿಸುವುದು ಅಭ್ಯಾಸವಾಗಿಬಿಟ್ಟಿದೆ, ಒಪ್ಪಬೇಡಿ. ಆಟೋ ಲೆವೆಲ್ಲಿನಲ್ಲಿ (ನೆಲದ ಏರಿಳಿತ ಅಳೆಯುವ ಉಪಕರಣ) ಒಂದು ಸುತ್ತು ಹೋಗಿ ಹೊರಟ ಜಾಗಕ್ಕೇ ಬಂದು ಮುಚ್ಚಿ. ಒಳ್ಳೆಯ ಕೆಲಸದಲ್ಲಿ ತಪ್ಪು ಕಿಲೋಮೀಟರಿನ ವರ್ಗಮೂಲದ 12 ಪಟ್ಟು ಮಿ.ಮೀ. ಒಳಗಿರಬೇಕು: 1 ಕಿ.ಮೀ.ಗೆ 12, 4 ಕಿ.ಮೀ.ಗೆ 24. ದಾಟಿದರೆ ಕಾರಣ ಬಹುತೇಕ ಇವುಗಳಲ್ಲೊಂದು: ಸ್ಟಾಫ್ (ಅಳತೆ ಕೋಲು) ವಾಲಿತ್ತು, ನಡುಗೆರೆ ಬಿಟ್ಟು ಅದರ ಮೇಲಿನ ಅಥವಾ ಕೆಳಗಿನ ಸ್ಟೇಡಿಯಾ ಗೆರೆ ಓದಿದಿರಿ, ಹಿಂದಿನ ಮತ್ತು ಮುಂದಿನ ಓದಿನ ದೂರ ಸಮ ಇರಲಿಲ್ಲ, ಇಲ್ಲವೆ ಚೇಂಜ್ ಪಾಯಿಂಟನ್ನು (ಉಪಕರಣದ ಜಾಗ ಬದಲಿಸುವಾಗ ಸ್ಟಾಫ್ ನಿಲ್ಲಿಸುವ ಬಿಂದು) ಮೆತ್ತನೆ ಎರೆಮಣ್ಣಿನ ಮೇಲೆ ಇಟ್ಟಿರಿ, ಸ್ಟಾಫ್ ತಿರುಗಿಸುವಾಗ ಕುಸಿಯಿತು.

ಎರೆಮಣ್ಣಿನ ಮಾತು ಬಂತು. ಮಿನಿ ಪ್ರಾಜೆಕ್ಟಿಗೆ ಅಂತರ್ಜಾಲದಿಂದ ಯಾವುದೋ ನಾರಿನ ಕಾಂಕ್ರೀಟಿನ ವಿಷಯ ಎತ್ತಿಕೊಳ್ಳುವ ಬದಲು ನಿಮ್ಮೂರ ಮಣ್ಣನ್ನೇ ಹಿಡಿಯಿರಿ. ಹೊಸ ಮನೆಗಳ ಕಿಟಕಿ ಮೂಲೆಯಿಂದ ಓರೆಯಾಗಿ ಹೋದ ಬಿರುಕು ನೋಡಿರುತ್ತೀರಿ. ಮಳೆಗಾಲದಲ್ಲಿ ಮನೆಯ ಅಂಚಿನ ಮಣ್ಣು ನೀರು ಕುಡಿದು ಉಬ್ಬುತ್ತದೆ, ನಡುವಿನದು ಹಾಗೇ ಇರುತ್ತದೆ. ಬೇಸಿಗೆಯಲ್ಲಿ ಅಂಚು ಕುಗ್ಗುತ್ತದೆ. ಗೋಡೆ ಈ ಏರಿಳಿತ ತಾಳದೆ ದುರ್ಬಲ ಜಾಗದಲ್ಲಿ ಬಿಡುತ್ತದೆ. ಉಬ್ಬುವಿಕೆ ಅಳೆಯುವ ಪರೀಕ್ಷೆಗೆ ಖರ್ಚೇ ಇಲ್ಲ. ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಮಣ್ಣು 10 ಗ್ರಾಂನಂತೆ ಎರಡು 100 ಮಿ.ಲೀ. ಅಳತೆ ಜಾಡಿಗೆ ಹಾಕಿ. ಒಂದಕ್ಕೆ ಭಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಕಡ್ಡಿಯಿಂದ ಕಲಕಿ ಗಾಳಿ ಹೊರಡಿಸಿ 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ 19 ಮಿ.ಲೀ., ಎಣ್ಣೆಯಲ್ಲಿ 10 ನಿಂತರೆ ಮುಕ್ತ ಉಬ್ಬುವಿಕೆ ಶೇ. 90. ಶೇ. 50 ದಾಟಿದ ಮಣ್ಣನ್ನು ನಂಬಿ ಮಾಮೂಲಿ ಪಾಯ ಹಾಕುವಂತಿಲ್ಲ. ಊರಿನ ಐದಾರು ಜಾಗದಲ್ಲಿ, ಬೇರೆ ಬೇರೆ ಆಳದಲ್ಲಿ ಮಣ್ಣು ತೆಗೆದು, ಬಿರುಕು ಬಿಟ್ಟ ಮನೆಗಳ ನಕ್ಷೆಯ ಜೊತೆ ಹೊಂದಿಸಿ ನೋಡಿ. ಪರಿಹಾರವಾಗಿ ಅಂಡರ್ ರೀಮ್ಡ್ ಪೈಲ್ (ಬುಡ ಅಗಲವಾದ, ಆಳಕ್ಕಿಳಿಸುವ ಕಾಂಕ್ರೀಟ್ ಕಂಬ), ಉಬ್ಬದ ಗರಸಿನ ಪದರ, ಮನೆಯ ಸುತ್ತ ನೀರು ಇಂಗದಂತೆ ಅಗಲವಾದ ಕಟ್ಟೆ, ಮೂರರ ಖರ್ಚನ್ನೂ ಲೆಕ್ಕ ಹಾಕಿ. ಸಂದರ್ಶನದಲ್ಲಿ ಈ ಪ್ರಾಜೆಕ್ಟಿನ ಬಗ್ಗೆ ಅರ್ಧ ಗಂಟೆ ಮಾತಾಡಬಹುದು.

ಪರೀಕ್ಷೆಗಳ ವಿಷಯ. ಗೇಟನ್ನು ಮೂರನೇ ವರ್ಷದಲ್ಲೇ ಬರೆಯಬಹುದು, ಅಂಕಪಟ್ಟಿ 3 ವರ್ಷ ನಡೆಯುತ್ತದೆ. 3 ಗಂಟೆ, 65 ಪ್ರಶ್ನೆ, 100 ಅಂಕ, ಅದರಲ್ಲಿ 15 ಸಾಮಾನ್ಯ ಸಾಮರ್ಥ್ಯಕ್ಕೆ. ಆಯ್ಕೆಯ ಪ್ರಶ್ನೆಗೆ ತಪ್ಪಾದರೆ ಮೂರನೇ ಒಂದು ಭಾಗ ಅಂಕ ಹೋಗುತ್ತದೆ. ಸಂಖ್ಯೆ ಬರೆಯುವ ಪ್ರಶ್ನೆಗೂ, ಒಂದಕ್ಕಿಂತ ಹೆಚ್ಚು ಸರಿಯುತ್ತರ ಇರಬಹುದಾದ ಪ್ರಶ್ನೆಗೂ ಹೋಗುವುದಿಲ್ಲ, ಅವನ್ನು ಖಾಲಿ ಬಿಡುವುದು ದಡ್ಡತನ. ಎಂ.ಟೆಕ್ ಬೇಡವೆನ್ನುವವರೂ ಬರೆಯಬೇಕು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ಆ ಓದೇ ಕೆಪಿಎಸ್‌ಸಿಯ ಎಂಜಿನಿಯರ್ ಹುದ್ದೆಗಳಿಗೂ ಎಸ್‌ಎಸ್‌ಸಿಯ ಜೂನಿಯರ್ ಎಂಜಿನಿಯರ್ ಪರೀಕ್ಷೆಗೂ ತಳಪಾಯ. ಕೆಪಿಎಸ್‌ಸಿ ಅಧಿಸೂಚನೆ ವರ್ಷಕ್ಕೊಮ್ಮೆ ತಪ್ಪದೆ ಬರುವಂಥದ್ದಲ್ಲ, ಬಂದ ಮೇಲೂ ನೇಮಕಾತಿ ಎಳೆಯಬಹುದು. ಅದೊಂದನ್ನೇ ನಂಬಿ ಧಾರವಾಡದ ಕೋಣೆಯಲ್ಲಿ ನಾಲ್ಕು ವರ್ಷ ಕೂತು, ಕೊನೆಗೆ ಅನುಭವವೂ ಇಲ್ಲ ಹುದ್ದೆಯೂ ಇಲ್ಲ ಎಂದಾಗುವುದು ಬೇಡ. ಸೈಟಿನಲ್ಲಿದ್ದುಕೊಂಡು ಓದುವುದು ಕಷ್ಟ, ನಿಜ. ಬಿಲ್ಲಿಂಗ್ ಅಥವಾ ಗುಣಮಟ್ಟ ಪರೀಕ್ಷೆಯ ವಿಭಾಗದಲ್ಲಿ ಕೆಲಸ ಸಿಕ್ಕರೆ ಸಂಜೆ ಎರಡು ಗಂಟೆ ಉಳಿಯುತ್ತದೆ.

ಹುಡುಗಿಯರನ್ನು ಸೈಟಿಗೆ ತಗೊಳ್ಳುವುದಿಲ್ಲ ಎನ್ನುವುದು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. ಸಣ್ಣ ಕಾಂಟ್ರಾಕ್ಟರುಗಳು ಹಿಂಜರಿಯುತ್ತಾರೆ. ಹೆದ್ದಾರಿ, ಮೆಟ್ರೊ, ದೊಡ್ಡ ಕಟ್ಟಡಗಳ ಕೆಲಸದಲ್ಲಿ ಪ್ರಯೋಗಾಲಯ, ಯೋಜನೆ, ಬಿಲ್ಲಿಂಗ್ ವಿಭಾಗಗಳಲ್ಲಿ ಹೆಣ್ಣುಮಕ್ಕಳಿದ್ದಾರೆ, ಸೈಟಿನಲ್ಲೂ ಇದ್ದಾರೆ. ಸೇರುವ ಮುನ್ನ ಮೂರು ಪ್ರಶ್ನೆ ನಾಚಿಕೆಯಿಲ್ಲದೆ ಕೇಳಿ: ಸೈಟಿನಲ್ಲಿ ಹೆಂಗಸರಿಗೆ ಶೌಚಾಲಯ ಇದೆಯೇ, ರಾತ್ರಿ ಕಾಂಕ್ರೀಟು ಹಾಕುವ ದಿನ ವಾಪಸು ಬರಲು ವಾಹನ ಯಾರದು, ವಸತಿ ಎಲ್ಲಿ. ಉತ್ತರ ಹಾರಿಸಿದರೆ ಆ ಕಂಪನಿ ಬಿಡಿ. ಆದರೆ ಆಫೀಸಿನ ಕೆಲಸವೇ ಬೇಕೆಂದು ಮೊದಲ ದಿನದಿಂದ ಹಟ ಹಿಡಿಯಬೇಡಿ. ಸೈಟು ನೋಡದ ವಿನ್ಯಾಸಕಾರರು ವೈಬ್ರೇಟರ್ ಸೂಜಿ ಇಳಿಯದಷ್ಟು ಒತ್ತಾಗಿ ರಾಡು ತುಂಬಿಸಿದ ತೊಲೆ ಬರೆಯುತ್ತಾರೆ, ಆಮೇಲೆ ಹನಿಕೂಂಬ್ (ಕಾಂಕ್ರೀಟಿನಲ್ಲಿ ಟೊಳ್ಳು) ಬಂತೆಂದು ಗೌಂಡಿಯನ್ನು ಬೈಯುತ್ತಾರೆ.

ಐಟಿ? ಶುರುವಿನ ಸಂಬಳ ಸಿವಿಲ್‌ನಲ್ಲಿ ಕಡಿಮೆಯೇ, ಬಣ್ಣ ಹಚ್ಚಿ ಹೇಳುವುದಿಲ್ಲ. ಭಾನುವಾರವೂ ಕೆಲಸವಿರುತ್ತದೆ. ಬಿಲ್ಲು, ಅಳತೆ, ಡ್ರಾಯಿಂಗ್ ಮೂರನ್ನೂ ಒಬ್ಬರೇ ಸಂಭಾಳಿಸುವ ಮಟ್ಟಕ್ಕೆ ಬಂದ ಮೇಲೆ ಸಂಬಳದ ಮಾತು ನಿಮ್ಮ ಕೈಗೆ ಬರುತ್ತದೆ, ಅದಕ್ಕೆ ನಾಲ್ಕೈದು ವರ್ಷ ಹಿಡಿಯುತ್ತದೆ. ಕೋಡಿಂಗ್ ನಿಮಗೆ ಇಷ್ಟವಿದ್ದರೆ ಹೋಗಿ, ಅದರಲ್ಲಿ ಅವಮಾನವೇನಿಲ್ಲ. ನಿಮ್ಮ ಪತ್ರದಲ್ಲಿ ಮಾತ್ರ ಆ ಇಷ್ಟ ಕಾಣಲಿಲ್ಲ, ನೆಂಟರ ಮಾತೇ ಕಂಡಿತು.

ಉಳಿಯುವ 45 ಸಾವಿರದಲ್ಲಿ 5 ಮೀಟರಿನ ಮತ್ತು 30 ಮೀಟರಿನ ಟೇಪು, ಒಳ್ಳೆಯ ಸುರಕ್ಷತಾ ಬೂಟು, ಹೆಲ್ಮೆಟ್ಟು, ಗೇಟ್ ಅರ್ಜಿ ಶುಲ್ಕ ಎಲ್ಲ ಸೇರಿ ಹೆಚ್ಚೇನೂ ಖರ್ಚಾಗದು. ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರವನ್ನು ದುಡ್ಡಿಗೆ ಕೊಡುವವರಿದ್ದಾರೆ, ಆ ಕಡೆ ಹೋಗಬೇಡಿ. ಪಾಯದಿಂದ ಲಿಂಟಲ್‌ವರೆಗೆ ನಡೆಯುತ್ತಿರುವ ಒಂದು ಕಟ್ಟಡ ಹುಡುಕಿ, ದಿನಾ ಬರೆದಿಡಿ: ಎಷ್ಟು ಗೌಂಡಿ, ಎಷ್ಟು ಆಳು, ಎಷ್ಟು ಮೂಟೆ ಬಂತು ಎಷ್ಟು ಹೋಯಿತು, ಡ್ರಾಯಿಂಗಿನ ತಿದ್ದುಪಡಿ ಸಂಖ್ಯೆ ಎಷ್ಟು. ಹಳೆಯ ಡ್ರಾಯಿಂಗ್ ಹಿಡಿದು ಕಟ್ಟಿದ್ದನ್ನು ಒಡೆಸುವುದು ದೊಡ್ಡ ಸೈಟುಗಳಲ್ಲೂ ನಡೆಯುವ ಎಡವಟ್ಟು.

ಇನ್ನೊಂದು ಮಾತು, ನೀವು ಕೇಳಿಲ್ಲ. ಕೊಪ್ಪಳ ಜಿಲ್ಲೆ ಕಲ್ಯಾಣ ಕರ್ನಾಟಕಕ್ಕೆ ಸೇರಿದ್ದರಿಂದ ಸರ್ಕಾರಿ ಹುದ್ದೆಗಳಲ್ಲಿ ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ನಿಮಗೆ ಅನ್ವಯಿಸಬಹುದು. ಅದರ ಅರ್ಹತಾ ಪ್ರಮಾಣಪತ್ರ ಕೊಡುವುದು ಸಹಾಯಕ ಆಯುಕ್ತರು. ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಕೊನೆಯ ದಿನಾಂಕದೊಳಗೆ ಕೈಗೆ ಸಿಗದೆ ಹೋಗಬಹುದು. ಈ ರಜೆಯಲ್ಲೇ ಶಾಲಾ ದಾಖಲೆಗಳನ್ನು ಜೋಡಿಸಿಕೊಂಡು ಅರ್ಜಿ ಹಾಕಿಬಿಡಿ, ತಂದೆ ತಾಯಿಯ ಹೆಸರಿನ ಕಾಗುಣಿತ ಎಲ್ಲ ಕಾಗದದಲ್ಲೂ ಒಂದೇ ಇದೆಯೇ ಎಂದು ಮೊದಲು ನೋಡಿಕೊಂಡು.